ಬಲೆಯ ಸೀಸದಲ್ಲಿ ಎಷ್ಟು ಪವನು ಚಿನ್ನ ಉಂಟು?

ಮಲ್ಪೆಯಲ್ಲಿ ನಮ್ಮ ಮನೆಯ ಹಿಂದಿನ ಅಣ್ಣ ಈಗ ಬೋಟಿಗೆ ಹೋಗುವುದಿಲ್ಲ, ಮೊಣಕಾಲು ಒಪ್ಪುವುದಿಲ್ಲ. ಆದರೆ ಬೀಸುಬಲೆಯನ್ನು ಬಿಟ್ಟಿಲ್ಲ. ಸಂಜೆ ಜಗಲಿಯಲ್ಲಿ ಕೂತು ಬಲೆಯ ಅಂಚಿಗೆ ಸೀಸದ ತುಂಡುಗಳನ್ನು ಒಂದೊಂದಾಗಿ ಕಟ್ಟುತ್ತಿರುತ್ತಾರೆ. ಬಲೆ ನೀರಿಗೆ ಬಿದ್ದ ಕೂಡಲೇ ಅಂಚು ತಳ ಮುಟ್ಟಬೇಕಲ್ಲ, ಅದಕ್ಕೆ. 2025ರ ಮೇ ತಿಂಗಳ ಒಂದು ಸಂಜೆ ನನ್ನನ್ನು ಕರೆದು ಕೇಳಿದರು:

“ಮಾಷ್ಟ್ರೆ, ಸೀಸದಿಂದ ಚಿನ್ನ ಮಾಡಿದ್ರಂತೆ, ಹೌದಾ? ಮೊಬೈಲಲ್ಲಿ ಬಂದಿದೆ.”

“ಹೌದು, ಮಾಡಿದ್ದಾರೆ.”

“ಹಾಗಾದ್ರೆ ಈ ಬಲೆಯಲ್ಲಿ ಎಷ್ಟು ಪವನು ಉಂಟು ಮಾರಾಯ್ರೆ?”

ಇಷ್ಟು ಒಳ್ಳೆಯ ಪ್ರಶ್ನೆ ನನಗೆ ತರಗತಿಯಲ್ಲಿ ಬಂದದ್ದು ಕಡಿಮೆ. ಸುದ್ದಿ ಸುಳ್ಳಲ್ಲ. ಜಿನೀವಾದ ಬಳಿ ಇರುವ ಸರ್ನ್ ಪ್ರಯೋಗಾಲಯದ ಆಲಿಸ್ ತಂಡ ಆ ತಿಂಗಳು ನಿಜವಾಗಿಯೂ ಸೀಸ ಚಿನ್ನವಾಗುವುದನ್ನು ಅಳೆದು ಪ್ರಕಟಿಸಿತ್ತು. ಆದರೆ ಅಲ್ಲಿ ಚಿನ್ನ ಆಗುವುದು ಗುರಿ ತಪ್ಪಿದಾಗ. ಗುರಿ ಮುಟ್ಟಿದಾಗ ಆಗುವುದು ಬೇರೆಯೇ ಒಂದು ವಸ್ತು. ಪತ್ರಿಕೆಗಳು ಚಿನ್ನದ ಹಿಂದೆ ಓಡಿದವು, ಅದು ಸಹಜ. ನಮ್ಮ ಜಿಲ್ಲೆಯ ಪತ್ರಿಕೆಗಳಂತೂ ಓಡಲೇಬೇಕು. ನಾನು ಚಿನ್ನದಿಂದ ಶುರುಮಾಡಿ ಆ ಇನ್ನೊಂದರ ಕಡೆಗೆ ಹೋಗುತ್ತೇನೆ.

ಸೀಸದ ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನುಗಳು, ಚಿನ್ನದ್ದರಲ್ಲಿ 79. ಎರಡಕ್ಕೂ ಇರುವ ವ್ಯತ್ಯಾಸ ಮೂರೇ ಮೂರು ಪ್ರೋಟಾನು. ಹಿಂದಿನ ರಸವಾದಿಗಳು ಜೀವಮಾನವಿಡೀ ಮೂಸೆಯ ಮುಂದೆ ಕೂತರೂ ಆ ಮೂರನ್ನು ಕೀಳಲಾಗಲಿಲ್ಲ. ಒಲೆಯ ಬೆಂಕಿ ಎಷ್ಟೇ ಉರಿದರೂ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳನ್ನಷ್ಟೇ ಅಲುಗಿಸಬಲ್ಲದು. ನ್ಯೂಕ್ಲಿಯಸ್ಸಿನ ಗಂಟು ಅದಕ್ಕಿಂತ ಲಕ್ಷಾಂತರ ಪಟ್ಟು ಬಿಗಿ. ಅದನ್ನು ಸಡಿಲಿಸಲು ಬೇರೆ ತರಹದ ಒಲೆ ಬೇಕು.

ಆ ಒಲೆ ಲಾರ್ಜ್ ಹೇಡ್ರಾನ್ ಕೊಲೈಡರ್, ಎಲ್‌ಎಚ್‌ಸಿ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ, ನೆಲದಿಂದ ಸುಮಾರು 100 ಮೀಟರ್ ಕೆಳಗೆ, 27 ಕಿಲೋಮೀಟರ್ ಸುತ್ತಳತೆಯ ಬಳೆ. ಮಂಗಳೂರಿನಿಂದ ಹೆದ್ದಾರಿ ಹಿಡಿದು ಮೂಲ್ಕಿ ಮುಟ್ಟುವಷ್ಟು ದೂರ, ಹೆಚ್ಚುಕಮ್ಮಿ. ಕಣಗಳು ಅದನ್ನು ಸೆಕೆಂಡಿಗೆ 11,000ಕ್ಕೂ ಹೆಚ್ಚು ಬಾರಿ ಸುತ್ತುತ್ತವೆ. ವರ್ಷದ ಬಹುಪಾಲು ಅಲ್ಲಿ ಓಡುವುದು ಪ್ರೋಟಾನುಗಳು. ವರ್ಷಕ್ಕೆ ಸುಮಾರು ಒಂದು ತಿಂಗಳು ಮಾತ್ರ ಸೀಸಕ್ಕೆ ಮೀಸಲು. ಸೀಸದ ಚೂರನ್ನು ಪುಟ್ಟ ಕುಲುಮೆಯಲ್ಲಿ ಆವಿ ಮಾಡಿ, ಅದರ ಎಲೆಕ್ಟ್ರಾನುಗಳನ್ನು ಹಂತಹಂತವಾಗಿ ಸುಲಿದು, ಕೊನೆಗೆ 82ನ್ನೂ ಕಿತ್ತ ಬೆತ್ತಲೆ ನ್ಯೂಕ್ಲಿಯಸ್ಸನ್ನು ಬಳೆಯೊಳಗೆ ಬಿಡುತ್ತಾರೆ. ಅರ್ಧದಷ್ಟು ಈ ದಿಕ್ಕಿಗೆ, ಅರ್ಧದಷ್ಟು ಎದುರು ದಿಕ್ಕಿಗೆ.

ಶಕ್ತಿಯ ಅಂದಾಜು ಸಿಗಬೇಕಾದರೆ ನಮ್ಮೂರಿನದ್ದೇ ಒಂದು ಯಂತ್ರ ಉಂಟು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿರುವ ಮೈಕ್ರೋಟ್ರಾನ್ ಎಲೆಕ್ಟ್ರಾನುಗಳನ್ನು 8 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಏರಿಸುತ್ತದೆ. ಅಲ್ಲಿ ನಿಜವಾದ ವಿಜ್ಞಾನ ನಡೆಯುತ್ತದೆ, ಆಟಿಕೆಯಲ್ಲ ಅದು. 2015ರ ಓಟದಲ್ಲಿ ಎಲ್‌ಎಚ್‌ಸಿಯ ಒಂದೊಂದು ಸೀಸದ ನ್ಯೂಕ್ಲಿಯಸ್ಸಿಗೆ ಇದ್ದ ಶಕ್ತಿ ಅದರ ಆರೂವರೆ ಕೋಟಿ ಪಟ್ಟು.

ಎದುರುಬದುರು ಬರುವ ಎರಡು ನ್ಯೂಕ್ಲಿಯಸ್ಸುಗಳು ಹೆಚ್ಚಿನ ಸಲ ಡಿಕ್ಕಿ ಹೊಡೆಯುವುದೇ ಇಲ್ಲ, ಪಕ್ಕದಲ್ಲಿ ಹಾದುಹೋಗುತ್ತವೆ. ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸಿದವರಿಗೆ ಇದು ಬಾಯಿಪಾಠ: ಎಕ್ಸ್‌ಪ್ರೆಸ್ ಬಸ್ಸು ನಿಮಗೆ ತಾಗುವುದಿಲ್ಲ, ಆದರೆ ಅದು ಹಾದುಹೋದ ಗಾಳಿಗೆ ಹಿಂದೆ ಇಟ್ಟ ಚೀಲ ಹಾರಿಹೋಗಿರುತ್ತದೆ. ಇಲ್ಲಿ ಗಾಳಿಯ ಜಾಗದಲ್ಲಿ ವಿದ್ಯುತ್ ಕ್ಷೇತ್ರ. 82 ಪ್ರೋಟಾನುಗಳ ವಿದ್ಯುದಂಶ ಬೆಳಕಿನ ವೇಗದ ಹತ್ತಿರದಲ್ಲಿ ಧಾವಿಸಿದಾಗ ಅದರ ಕ್ಷೇತ್ರ ತಟ್ಟೆಯಂತೆ ಚಪ್ಪಟೆಯಾಗಿ, ಪಕ್ಕದ ನ್ಯೂಕ್ಲಿಯಸ್ಸಿಗೆ ಬೆಳಕಿನ ಕಣಗಳ ಏಟಿನಂತೆ ಬಡಿಯುತ್ತದೆ. ಏಟು ತಿಂದ ನ್ಯೂಕ್ಲಿಯಸ್ ನಡುಗಿ ಕೆಲವು ನ್ಯೂಟ್ರಾನುಗಳನ್ನು, ಅಪರೂಪಕ್ಕೆ ಪ್ರೋಟಾನುಗಳನ್ನೂ ಉದುರಿಸುತ್ತದೆ. ಒಂದು ಪ್ರೋಟಾನು ಹೋದರೆ ಥಾಲಿಯಂ, ಎರಡು ಹೋದರೆ ಪಾದರಸ, ಮೂರು ಹೋದರೆ ಚಿನ್ನ. ಹೀಗೆ ತಾಗದೆಯೇ ಒಡೆಯುವುದು ನೇರ ಡಿಕ್ಕಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲ ನಡೆಯುತ್ತದೆ.

ಈಗ ಅಣ್ಣನ ಲೆಕ್ಕ. 2015ರಿಂದ 2018ರವರೆಗಿನ ಓಟದಲ್ಲಿ ಎಲ್‌ಎಚ್‌ಸಿಯಲ್ಲಿ ಆದ ಚಿನ್ನದ ನ್ಯೂಕ್ಲಿಯಸ್ಸುಗಳು ಸುಮಾರು 8,600 ಕೋಟಿ. ಕೇಳಲು ದೊಡ್ಡದು. ತೂಗಿದರೆ 29 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಆ ನಾಲ್ಕು ವರ್ಷದ ದರದಲ್ಲೇ ಹೋದರೆ ಎಂಟು ಗ್ರಾಮಿನ ಒಂದು ಪವನು ಆಗಲು 1.1 ಲಕ್ಷ ಕೋಟಿ ವರ್ಷ ಬೇಕು. ವಿಶ್ವ ಹುಟ್ಟಿ ಆದದ್ದು 1,380 ಕೋಟಿ ವರ್ಷ, ಅದರ 80 ಪಟ್ಟು ಕಾಯಬೇಕು. ಕಾದರೂ ಕೈಗೆ ಸಿಗುವುದಿಲ್ಲ: ಹುಟ್ಟಿದ ಚಿನ್ನ ಮರುಕ್ಷಣವೇ ದಾರಿ ತಪ್ಪಿ ಕೊಳವೆಯ ಗೋಡೆಗೋ ತಡೆಗೋ ಬಡಿದು ಪುಡಿಯಾಗುತ್ತದೆ. “ಹಾಗಾದ್ರೆ ಬಲೆಗೇ ಇರ್ಲಿ,” ಅಂದರು ಅಣ್ಣ. ಚಿನ್ನದ ವಿಷಯ ಅಲ್ಲಿಗೆ ಮುಗಿಯಿತು.

ಇನ್ನು ಗುರಿ ಮುಟ್ಟಿದಾಗಿನ ಕತೆ.

ಮೊದಲು ಪ್ರೋಟಾನಿನ ಒಳಗೆ ಇಣುಕಬೇಕು. ಅದರಲ್ಲಿ ಮೂರು ಕ್ವಾರ್ಕುಗಳು ಎಂದು ಪಾಠಪುಸ್ತಕ ಹೇಳುತ್ತದೆ. 1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಝ್ವೈಗ್ ಬೇರೆಬೇರೆಯಾಗಿ ಈ ವಿಚಾರ ಮುಂದಿಟ್ಟರು. ಕ್ವಾರ್ಕುಗಳನ್ನು ಕಟ್ಟಿಹಾಕುವುದು ಗ್ಲೂಆನ್ ಎಂಬ ಕಣಗಳು. ವಿಚಿತ್ರ ಏನೆಂದರೆ, ಇಷ್ಟು ವರ್ಷದಲ್ಲಿ ಯಾರೂ ಒಂದು ಒಂಟಿ ಕ್ವಾರ್ಕನ್ನು ಹಿಡಿದಿಲ್ಲ. ಹಿಡಿಯಲಾಗುವುದಿಲ್ಲ ಎಂಬುದೇ ಆ ಬಲದ ಸ್ವಭಾವ. ನಮಗೆ ಗೊತ್ತಿರುವ ಬಲಗಳೆಲ್ಲ ದೂರ ಹೋದಂತೆ ಕ್ಷೀಣಿಸುತ್ತವೆ. ಆಯಸ್ಕಾಂತವನ್ನು ದೂರ ಒಯ್ದರೆ ಮೊಳೆ ಬೀಳುತ್ತದೆ. ಇದು ಉಲ್ಟಾ. ಸಡಿಲ ಬಲೆಯೊಳಗಿನ ಮೀನನ್ನು ನೆನೆಸಿಕೊಳ್ಳಿ: ನಡುವೆ ಇರುವಷ್ಟು ಹೊತ್ತು ಅದಕ್ಕೆ ಬಲೆ ಇದೆ ಎಂದೇ ಗೊತ್ತಿಲ್ಲ, ಆರಾಮವಾಗಿ ಈಜುತ್ತದೆ. ಹೊರಗೆ ನುಗ್ಗಲು ಹೊರಟರೆ ಮಾತ್ರ ನೂಲು ಬಿಗಿಯುತ್ತದೆ. ಹತ್ತಿರ ಇದ್ದಾಗ ಕ್ವಾರ್ಕುಗಳು ಬಹುತೇಕ ಸ್ವತಂತ್ರ, ದೂರ ಹೋದರೆ ಬಂದಿ. ಈ ‘ಹತ್ತಿರದ ಸ್ವಾತಂತ್ರ್ಯ’ವನ್ನು ಲೆಕ್ಕದಲ್ಲಿ ತೋರಿಸಿದ್ದು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್. ಅವರಿಗೆ 2004ರಲ್ಲಿ ನೊಬೆಲ್ ಬಂತು.

ಬಲೆಯ ಹೋಲಿಕೆ ಒಂದು ಕಡೆ ಸೋಲುತ್ತದೆ. ಮೀನು ಜೋರು ಮಾಡಿದರೆ ಬಲೆ ಹರಿಯಬಹುದು, ಮೀನು ಪಾರಾಗಬಹುದು. ಕ್ವಾರ್ಕನ್ನು ಎಳೆದೂ ಎಳೆದೂ ನೂಲು ಹರಿಸಿದರೆ, ಎಳೆಯಲು ಹಾಕಿದ ಶಕ್ತಿಯೇ ಹೊಸ ಕ್ವಾರ್ಕ್ ಮತ್ತು ಅದರ ಪ್ರತಿಕಣವಾಗಿ ಹುಟ್ಟಿಬಿಡುತ್ತದೆ. ಹರಿದ ಎರಡು ತುದಿಗೂ ಮತ್ತೆ ಜೊತೆ ಸಿಗುತ್ತದೆ. ಒಂಟಿ ಆಗಲು ಬಿಡುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪ್ರೋಟಾನಿನ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ 938 ಮೆಗಾ ಎಲೆಕ್ಟ್ರಾನ್ ವೋಲ್ಟ್. ಅದರ ಮೂರು ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಕೂಡಿಸಿದರೆ ಬರುವುದು ಒಂಬತ್ತರ ಆಸುಪಾಸು, ನೂರಕ್ಕೆ ಒಂದು. ಉಳಿದ 99 ಪಾಲು ಆ ಬಂದಿಖಾನೆಯ ಒಳಗಿನ ಓಡಾಟದ, ಗ್ಲೂಆನುಗಳ ಎಳೆದಾಟದ ಶಕ್ತಿ. 60 ಕಿಲೋ ತೂಗುವ ಮನುಷ್ಯನಲ್ಲಿ ಕ್ವಾರ್ಕುಗಳ ಸ್ವಂತ ತೂಕ ಸುಮಾರು 600 ಗ್ರಾಂ. ಮಿಕ್ಕದ್ದೆಲ್ಲ ಬಿಗಿತ. ಎಲ್‌ಎಚ್‌ಸಿಯಲ್ಲಿ ಹಿಗ್ಸ್ ಕಣ ಸಿಕ್ಕಾಗ ಅದು ‘ಎಲ್ಲಕ್ಕೂ ದ್ರವ್ಯರಾಶಿ ಕೊಡುತ್ತದೆ’ ಎಂದು 2012ರಲ್ಲಿ ಬರೆದವರು ಈ 600 ಗ್ರಾಮಿನ ಬಗ್ಗೆ ಮಾತ್ರ ಬರೆದದ್ದು.

ಹಾಗಾದರೆ ಈ ಬಂದಿಖಾನೆಯ ಗೋಡೆ ಯಾವಾಗಲಾದರೂ ಬೀಳುತ್ತದೆಯೇ? ಎಳೆದು ಬೀಳಿಸಲಾಗದು. ಒತ್ತಿ, ಕಾಯಿಸಿ ಬೀಳಿಸಬಹುದು. ಇಲ್ಲಿ ನನಗೆ ಪರ್ಯಾಯದ ರಾತ್ರಿ ನೆನಪಾಗುತ್ತದೆ. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿಗೆ ಮುಂಚೆ, ಉಡುಪಿಯ ರಥಬೀದಿಗೆ ಸಂಸಾರಗಳು ಕೈಕೈ ಹಿಡಿದು ಬರುತ್ತವೆ. ಜೋಡುಕಟ್ಟೆಯ ಹತ್ತಿರ ಇನ್ನೂ ಗುಂಪುಗುಂಪಾಗಿ ಕಾಣುತ್ತವೆ: ಇವರು ಆ ಮನೆಯವರು, ಅವರು ಈ ಮನೆಯವರು. ಬೀದಿ ಕಿಕ್ಕಿರಿದಾಗ ಯಾರು ಯಾರ ಮನೆಯವರು ಎನ್ನುವ ಪ್ರಶ್ನೆಗೇ ಅರ್ಥ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮವರಿಗಿಂತ ಹತ್ತಿರದಲ್ಲಿ ಹತ್ತು ಜನ ಬೇರೆಯವರಿರುತ್ತಾರೆ. ಸಂಸಾರಗಳು ಕರಗಿ ಜನಸಾಗರವಾಯಿತು. ಪ್ರೋಟಾನು, ನ್ಯೂಟ್ರಾನುಗಳನ್ನು ಹಾಗೆ ಒಂದರ ಮೇಲೊಂದು ತುಂಬಿ ಕಾಯಿಸಿದರೆ, ಕ್ವಾರ್ಕಿಗೆ ‘ನನ್ನ ಪ್ರೋಟಾನು ಯಾವುದು’ ಎಂದು ಹೇಳಲಾಗದ ಸ್ಥಿತಿ ಬರುತ್ತದೆ. ಅದೇ ಕ್ವಾರ್ಕ್–ಗ್ಲೂಆನ್ ಪ್ಲಾಸ್ಮಾ.

ಎಷ್ಟು ಕಾಯಿಸಬೇಕು? ಸುಮಾರು 1.8 ಲಕ್ಷ ಕೋಟಿ ಡಿಗ್ರಿ. ಸೂರ್ಯನ ಗರ್ಭದಲ್ಲಿ ಇರುವುದು ಒಂದೂವರೆ ಕೋಟಿ. ಅದರ ಲಕ್ಷಕ್ಕೂ ಹೆಚ್ಚು ಪಟ್ಟು. ಮಹಾಸ್ಫೋಟದ ನಂತರ ಒಂದು ಸೆಕೆಂಡಿನ ಲಕ್ಷದಲ್ಲೊಂದು ಭಾಗದವರೆಗೆ ಇಡೀ ವಿಶ್ವ ಈ ಸ್ಥಿತಿಯಲ್ಲೇ ಇತ್ತು. ಆಮೇಲೆ ತಣಿದು ಪ್ರೋಟಾನು, ನ್ಯೂಟ್ರಾನುಗಳು ಹೆಪ್ಪುಗಟ್ಟಿದವು. ‘ಪ್ರಯೋಗಾಲಯದಲ್ಲಿ ಮಹಾಸ್ಫೋಟ’ ಎಂಬ ಶೀರ್ಷಿಕೆ ನನಗೆ ಹಿಡಿಸುವುದಿಲ್ಲ. ಇಲ್ಲಿ ಆಗುವುದು ಸ್ಫೋಟದ ಮರುಪ್ರದರ್ಶನವಲ್ಲ; ಆ ಕಾಲದ ವಸ್ತುವಿನ ಒಂದು ಹನಿ, ಅದೂ ಒಂದು ನ್ಯೂಕ್ಲಿಯಸ್ಸಿನಷ್ಟು ಗಾತ್ರದ್ದು.

ಆ ಹನಿ ಹುಟ್ಟುವುದು ಹೀಗೆ. ಬೆಳಕಿನ ವೇಗದ ಹತ್ತಿರದಲ್ಲಿ ಬರುವ ಸೀಸದ ನ್ಯೂಕ್ಲಿಯಸ್ ನಮ್ಮ ಕಣ್ಣಿಗೆ ಚೆಂಡಿನಂತಲ್ಲ, ದೋಸೆಯಂತೆ ಕಾಣುತ್ತದೆ. ಐನ್‌ಸ್ಟೈನನ ಸಾಪೇಕ್ಷತೆಯ ಪ್ರಕಾರ ಓಟದ ದಿಕ್ಕಿನಲ್ಲಿ ಅದು ಸುಮಾರು 2,700 ಪಟ್ಟು ಕುಗ್ಗಿರುತ್ತದೆ. ನಮ್ಮ ನೀರುದೋಸೆ ತೆಳ್ಳಗೆಂದು ಎಷ್ಟು ಕೊಚ್ಚಿಕೊಂಡರೂ, ಒಂದು ಗೇಣಗಲದ ದೋಸೆ ಈ ಲೆಕ್ಕಕ್ಕೆ ಸರಿಹೋಗಬೇಕಾದರೆ ಬರೆಯುವ ಕಾಗದದಷ್ಟು ತೆಳ್ಳಗಿರಬೇಕು. ಅಂಥ ಎರಡು ದೋಸೆಗಳು ಎದುರುಬದುರು ಬಂದು ಒಂದನ್ನೊಂದು ಹಾದುಹೋಗುತ್ತವೆ. ಹಾದುಹೋದ ಜಾಗದಲ್ಲಿ ಅಪಾರ ಶಕ್ತಿಯನ್ನು ಬಿಟ್ಟುಹೋಗುತ್ತವೆ, ಅದೇ ಹನಿ. ಅದರ ಆಯುಸ್ಸು ಬೆಳಕು ಒಂದು ನ್ಯೂಕ್ಲಿಯಸ್ಸನ್ನು ದಾಟಲು ಬೇಕಾದಷ್ಟು ಸಮಯ: ದಶಾಂಶ ಬಿಂದುವಿನ ನಂತರ 22 ಸೊನ್ನೆ ಹಾಕಿ ಆಮೇಲೆ ಒಂದಂಕಿ ಬರೆದರೆ, ಅಷ್ಟು ಸೆಕೆಂಡು. ಉಬ್ಬುತ್ತಾ ತಣಿದು, ಕ್ವಾರ್ಕುಗಳು ಮತ್ತೆ ಕೈಗೆ ಸಿಕ್ಕವರ ಕೈ ಹಿಡಿದು ಹೊಸ ಸಂಸಾರ ಕಟ್ಟಿಕೊಂಡು ಹೊರಗೆ ಚಿಮ್ಮುತ್ತವೆ. ನಟ್ಟನಡು ಡಿಕ್ಕಿಯಾದರೆ ಹೀಗೆ ಹೊರಬರುವ ವಿದ್ಯುದಂಶವುಳ್ಳ ಕಣಗಳೇ 20,000 ಮೀರುತ್ತವೆ.

ಅಷ್ಟು ಹೊತ್ತಿನಲ್ಲಿ ಅದನ್ನು ನೋಡುವವರು ಯಾರು? ಯಾರೂ ಇಲ್ಲ. ನೋಡುವುದು ಹೊರಬಂದ ಕಣಗಳನ್ನು ಮಾತ್ರ. ಆಲಿಸ್ ಎಂಬ 10,000 ಟನ್ನಿನ, 26 ಮೀಟರ್ ಉದ್ದದ ಶೋಧಕ ಸುತ್ತ ಕೂತು ಯಾವ ಕಣ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಯಿತು ಎಂದು ಬರೆದುಕೊಳ್ಳುತ್ತದೆ. ಪರ್ಯಾಯದ ಮಾರನೆಯ ದಿನ ರಥಬೀದಿಯಲ್ಲಿ ಬಿದ್ದ ಚಪ್ಪಲಿ ನೋಡಿ ಹಿಂದಿನ ರಾತ್ರಿ ಜನ ಹೇಗೆ ಸಾಗಿದರು ಎಂದು ಹೇಳುವ ಕೆಲಸ ಇದು. ಆದರೂ ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದೇ ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಪ್ಲಾಸ್ಮಾ ಎಂದಾಗ ಎಲ್ಲರೂ ನಿರೀಕ್ಷಿಸಿದ್ದು ಅನಿಲವನ್ನು. ತರ್ಕ ಸರಿಯಾಗಿಯೇ ಇತ್ತು: ಹತ್ತಿರದಲ್ಲಿ ಕ್ವಾರ್ಕುಗಳು ಸ್ವತಂತ್ರ ಎಂದು 1973ರಲ್ಲೇ ಗೊತ್ತಾಗಿದೆ, ಹಾಗಾಗಿ ಬಿಸಿ ಮಾಡಿ ಒತ್ತೊತ್ತಾಗಿ ತುಂಬಿದರೆ ಪರಸ್ಪರ ಲೆಕ್ಕಿಸದೆ ಹಾರಾಡಬೇಕು. ಅಮೆರಿಕದ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 3.8 ಕಿಲೋಮೀಟರ್ ಸುತ್ತಳತೆಯ ರಿಕ್ ಎಂಬ ಯಂತ್ರ 2000ದಲ್ಲಿ ಚಿನ್ನದ ನ್ಯೂಕ್ಲಿಯಸ್ಸುಗಳನ್ನು ಡಿಕ್ಕಿ ಹೊಡೆಸಲು ಶುರುಮಾಡಿತು. (ಅಲ್ಲಿ ಚಿನ್ನವನ್ನೇ ಒಡೆಯುತ್ತಿದ್ದರು. ಅಣ್ಣನಿಗೆ ಇದನ್ನು ಹೇಳಿಲ್ಲ.) ಅದರ ನಾಲ್ಕು ತಂಡಗಳು 2005ರಲ್ಲಿ ಒಟ್ಟಾಗಿ ಹೇಳಿದ್ದು: ಇದು ಅನಿಲವಲ್ಲ, ದ್ರವ.

ಹೇಗೆ ಗೊತ್ತಾಯಿತು? ಎರಡು ದೋಸೆಗಳು ನಟ್ಟನಡುವೆ ಢಿಕ್ಕಿಯಾಗದೆ ಸ್ವಲ್ಪ ಓರೆಯಾಗಿ ಅರ್ಧಂಬರ್ಧ ಒಂದರ ಮೇಲೊಂದು ಬಂದರೆ, ಎರಡೂ ಕೂಡುವ ಭಾಗ ದುಂಡಗಿರುವುದಿಲ್ಲ. ಹಲಸಿನ ಬೀಜದಂತೆ ಇರುತ್ತದೆ: ಒಂದು ಕಡೆ ಉದ್ದ, ಅಡ್ಡಕ್ಕೆ ಗಿಡ್ಡ. ಈ ಆಕಾರದ ಹನಿಯಿಂದ ಕಣಗಳು ಯಾವ ಕಡೆಗೆ ಹೆಚ್ಚು ಹೋಗಬೇಕು?

ಅನಿಲವಾದರೆ ಉತ್ತರ ಸುಲಭ. ಕಣಗಳು ಒಂದಕ್ಕೊಂದು ತಾಗದೆ ಹುಟ್ಟಿದ ದಿಕ್ಕಿಗೆ ಹಾರಿಹೋಗುತ್ತವೆ, ಹನಿಯ ಆಕಾರ ಅವಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲ ದಿಕ್ಕಿಗೂ ಸಮಾನ. ದ್ರವವಾದರೆ ಒತ್ತಡ ಎನ್ನುವುದು ಇರುತ್ತದೆ. ನಡುವೆ ಒತ್ತಡ ಹೆಚ್ಚು, ಅಂಚಿನಾಚೆ ಸೊನ್ನೆ. ನಮ್ಮ ಹಂಚಿನ ಮಾಡನ್ನು ನೋಡಿ: ಮೇಲಿನಿಂದ ಅಂಚಿಗೆ ಇಳಿಯುವ ಎತ್ತರ ಒಂದೇ ಆಗಿದ್ದರೂ, ಕಡಿಮೆ ಅಗಲದಲ್ಲಿ ಇಳಿಯುವ ಕಡೆ ಮಾಡು ಕಡಿದಾಗಿರುತ್ತದೆ, ಮಳೆನೀರು ಅಲ್ಲಿಂದ ಜೋರಾಗಿ ಚಿಮ್ಮುತ್ತದೆ. ಉದ್ದಕ್ಕೆ ಚಾಚಿದ ಕಡೆ ನಿಧಾನ. ಹನಿಯಲ್ಲೂ ಅಷ್ಟೇ. ಹಲಸಿನ ಬೀಜದ ಗಿಡ್ಡ ಬದಿಯಲ್ಲಿ ಒತ್ತಡದ ಇಳಿಜಾರು ಕಡಿದು, ಆ ಕಡೆಗೆ ಹೆಚ್ಚು ಕಣಗಳು ಹೆಚ್ಚು ವೇಗದಲ್ಲಿ ಹೊರಬರಬೇಕು. ಎಣಿಸಿ ನೋಡಿದರೆ ಹಾಗೆಯೇ ಇತ್ತು, ದ್ರವಗಳ ಹರಿವಿನ ಸಮೀಕರಣ ಹೇಳುವಷ್ಟೇ ಇತ್ತು. ಸಾವಿರಾರು ಕಣಗಳು ಒಂದರ ಮಾತು ಒಂದು ಕೇಳಿ ಸಾಗಿದ್ದವು.

ಮುಂದಿನ ಪ್ರಶ್ನೆ: ಎಂಥ ದ್ರವ? ಜೇನಿನ ಹಾಗೆ ಅಂಟೋ, ನೀರಿನ ಹಾಗೆ ಸಲೀಸೋ? ಅಂಟು ಹೆಚ್ಚಿದ್ದರೆ ಬೀಜದ ಆಕಾರದ ಗುರುತು ಹರಿವಿನಲ್ಲಿ ಮಸುಕಾಗಿಬಿಡುತ್ತಿತ್ತು. ಮಸುಕಾಗಿರಲಿಲ್ಲ. ಸ್ನಿಗ್ಧತೆಯನ್ನು, ಅಂದರೆ ಅಂಟಿನ ಅಳತೆಯನ್ನು, ಎಂಟ್ರೊಪಿಯಿಂದ, ಅಂದರೆ ಕಣಗಳ ಅಸ್ತವ್ಯಸ್ತತೆಯ ಅಳತೆಯಿಂದ, ಭಾಗಿಸಿದಾಗ ಬಂದ ಸಂಖ್ಯೆ ನಮಗೆ ಗೊತ್ತಿರುವ ದ್ರವಗಳಲ್ಲೆಲ್ಲ ಕಡಿಮೆಯ ಸಾಲಿನದ್ದು, ಸಿದ್ಧಾಂತಿಗಳು ಊಹಿಸಿದ ಕನಿಷ್ಠ ಮಿತಿಗೆ ತೀರಾ ಹತ್ತಿರ. ಅದಕ್ಕೇ ‘ಪರಿಪೂರ್ಣ ದ್ರವ’ ಎಂಬ ಹೆಸರು ಬಿತ್ತು. ಇಲ್ಲೊಂದು ಎಚ್ಚರ ಬೇಕು: ಭಾಗಾಕಾರ ಬಿಟ್ಟು ಸ್ನಿಗ್ಧತೆಯನ್ನಷ್ಟೇ ನೋಡಿದರೆ ಅದು ಡಾಮರಿಗಿಂತ ಎಷ್ಟೋ ಹೆಚ್ಚು. ಆದರೆ ವಸ್ತು ಅಷ್ಟು ದಟ್ಟವಾಗಿರುವಾಗ ಆ ಅಂಟು ಲೆಕ್ಕಕ್ಕೇ ಇಲ್ಲ. ‘ನೀರಿಗಿಂತ ತೆಳು’ ಎಂದು ಬರೆಯುವವರು ಈ ಭಾಗಾಕಾರವನ್ನು ಮರೆತಿರುತ್ತಾರೆ. ಇನ್ನೊಂದು ಸೋಜಿಗ: 2002ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಲೀಥಿಯಂ ಪರಮಾಣುಗಳ ಮೋಡವೊಂದನ್ನು ಶೂನ್ಯ ಕೆಲ್ವಿನ್ನಿನ ಹತ್ತಿರಕ್ಕೆ ತಣಿಸಿ ಬಿಟ್ಟಾಗ ಅದೂ ಗಿಡ್ಡ ಬದಿಯ ಕಡೆಗೇ ಹೀಗೆ ಉಬ್ಬಿತು. ಅತಿ ಬಿಸಿಯೂ ಅತಿ ತಂಪೂ ಒಂದೇ ರೀತಿ ಹರಿದವು.

ಹರಿವು ಒಂದೇ ಸಾಕ್ಷಿಯಲ್ಲ. ಡಿಕ್ಕಿಯ ಮೊದಲ ಕ್ಷಣದಲ್ಲಿ ಕೆಲವೊಮ್ಮೆ ಎರಡು ಕ್ವಾರ್ಕುಗಳು ಬೆನ್ನಿಗೆ ಬೆನ್ನು ಮಾಡಿ ವಿರುದ್ಧ ದಿಕ್ಕಿಗೆ ಓಡುತ್ತವೆ. ಹನಿಯ ಅಂಚಿನ ಬಳಿ ಹೀಗಾದರೆ ಒಂದು ಕೂಡಲೇ ಹೊರಗೆ ಬೀಳುತ್ತದೆ, ಇನ್ನೊಂದು ಇಡೀ ಜನಸಂದಣಿಯನ್ನು ತಳ್ಳಿಕೊಂಡು ಹೋಗಬೇಕು. ಹೊರಬರುವಷ್ಟರಲ್ಲಿ ಅದು ಸುಸ್ತು. 2010ರ ನವೆಂಬರಿನಲ್ಲಿ ಎಲ್‌ಎಚ್‌ಸಿಯಲ್ಲಿ ಮೊದಲ ಬಾರಿ ಸೀಸ ಡಿಕ್ಕಿಯಾದ ಕೆಲವೇ ವಾರಗಳಲ್ಲಿ ಅಟ್ಲಾಸ್ ಶೋಧಕ ಇದನ್ನು ಕಂಡಿತು: ಒಂದು ಕಡೆ ಕಣಗಳ ದಟ್ಟ ಧಾರೆ, ಎದುರು ಕಡೆ ಬರೀ ಚದುರಿದ ಹನಿಗಳು.

ಜೋಡಿಗಳ ಕತೆ ಇನ್ನೂ ಚೆಂದ. ಚಾರ್ಮ್ ಎಂಬ ಭಾರದ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಸೇರಿದರೆ ಜೆ–ಸೈ ಎಂಬ ಕಣ. ಪ್ಲಾಸ್ಮಾದಲ್ಲಿ ಈ ಜೋಡಿಯ ಕೈ ಬಿಟ್ಟುಹೋಗುತ್ತದೆ, ಹಾಗಾಗಿ ಜೆ–ಸೈ ಕಡಿಮೆ ಸಿಗಬೇಕು ಎಂದು 1986ರಲ್ಲಿ ತೆತ್ಸುವೊ ಮತ್ಸುಯಿ ಮತ್ತು ಹೆಲ್ಮುಟ್ ಸಾಟ್ಜ್ ಹೇಳಿದ್ದರು. ಪರ್ಯಾಯಕ್ಕೆ ಒಟ್ಟಿಗೆ ಬಂದ ಇಬ್ಬರು ಸ್ನೇಹಿತರು ಗುಂಪಿನಲ್ಲಿ ತಪ್ಪಿಹೋಗಿ, ಮನೆಗೆ ಹೋಗುವಾಗ ಬೇರೆಯವರ ಜೊತೆ ಹೋದ ಹಾಗೆ. ಕಡಿಮೆಯೂ ಸಿಕ್ಕಿತು. ಶಕ್ತಿ ಹೆಚ್ಚಿಸಿದ ಎಲ್‌ಎಚ್‌ಸಿಯಲ್ಲಿ ಇನ್ನೂ ಕಡಿಮೆ ಸಿಗಬೇಕಿತ್ತು, ಆದರೆ ರಿಕ್‌ನಲ್ಲಿ ಕಂಡಷ್ಟು ಇಳಿಕೆ ಇಲ್ಲಿ ಇರಲಿಲ್ಲ. ಎಲ್‌ಎಚ್‌ಸಿಯ ಒಂದು ಡಿಕ್ಕಿಯಲ್ಲಿ ಅಂಥ ಜೋಡಿಗಳು ಹತ್ತಾರು ಹುಟ್ಟುತ್ತವೆ. ಹಾಗಾಗಿ ತಪ್ಪಿಹೋದ ಒಂದಕ್ಕೆ, ಇನ್ಯಾವುದೋ ಜೋಡಿಯಿಂದ ತಪ್ಪಿಹೋದ ಇನ್ನೊಂದು ಸಿಕ್ಕಿ ಹೊಸ ಜೆ–ಸೈ ಆಗುತ್ತದೆ. ಕ್ವಾರ್ಕುಗಳು ನಿಜವಾಗಿಯೂ ಬಂದಿಖಾನೆಯಿಂದ ಹೊರಬಂದು ಅಲೆದಾಡಿವೆ ಎನ್ನಲು ಇದಕ್ಕಿಂತ ನೇರ ಸಾಕ್ಷಿ ನನಗೆ ಕಾಣುವುದಿಲ್ಲ.

ಹೆದರಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ಎಲ್‌ಎಚ್‌ಸಿ ಶುರುವಾದಾಗ ನಮ್ಮ ದೇಶದ ಟಿವಿಯವರು ಪ್ರಳಯ ತಂದಿಟ್ಟಿದ್ದರು. ಲಕ್ಷ ಕೋಟಿ ಡಿಗ್ರಿ ಎಂದಾಗ ಭಯವಾಗುವುದು ಸಹಜ, ಆದರೆ ಉಷ್ಣತೆ ಬೇರೆ, ಶಾಖದ ಮೊತ್ತ ಬೇರೆ. ಹಾರುವ ಸೊಳ್ಳೆಯ ಚಲನಶಕ್ತಿ ಸುಮಾರು ಒಂದು ಟೆರಾ ಎಲೆಕ್ಟ್ರಾನ್ ವೋಲ್ಟ್. ಸೀಸದ ಒಂದು ಡಿಕ್ಕಿಯ ಒಟ್ಟು ಶಕ್ತಿ ಸುಮಾರು ಸಾವಿರ ಸೊಳ್ಳೆಗಳಷ್ಟು. ಮಳೆಗಾಲದ ಮಂಗಳೂರಿನಲ್ಲಿ ಅಷ್ಟನ್ನು ಒಂದು ಕೋಣೆಯಲ್ಲೇ ಸಹಿಸಿಕೊಂಡಿದ್ದೇವೆ. ಅಷ್ಟೂ ಶಕ್ತಿ ಒಂದು ನ್ಯೂಕ್ಲಿಯಸ್ಸಿನಷ್ಟು ಜಾಗದಲ್ಲಿ ಸೇರುವುದೇ ಅಲ್ಲಿನ ವಿಶೇಷ. ಇದಕ್ಕಿಂತ ಬಲವಾದ ವಿಶ್ವಕಿರಣಗಳು ಕೋಟ್ಯಂತರ ವರ್ಷಗಳಿಂದ ನಮ್ಮ ವಾತಾವರಣಕ್ಕೆ ಬಡಿಯುತ್ತಲೇ ಇವೆ.

ಈ ಕೆಲಸದಲ್ಲಿ ನಮ್ಮ ದೇಶದ ಕೈ ಚಿಕ್ಕದಲ್ಲ. ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರದವರು ಬೇರೆ ಭಾರತೀಯ ಸಂಸ್ಥೆಗಳ ಜೊತೆ ಸೇರಿ ಆಲಿಸ್‌ಗೂ ರಿಕ್‌ನ ಸ್ಟಾರ್ ಪ್ರಯೋಗಕ್ಕೂ ಬೆಳಕಿನ ಕಣಗಳನ್ನು ಎಣಿಸುವ ಶೋಧಕ ಕಟ್ಟಿಕೊಟ್ಟರು. ಕ್ವಾರ್ಕ್–ಗ್ಲೂಆನ್ ಪ್ಲಾಸ್ಮಾದ ಅಧ್ಯಯನವನ್ನು ಇಲ್ಲಿ ಬೆಳೆಸಿದವರಲ್ಲಿ ಮುಖ್ಯರು ಆ ಕೇಂದ್ರದ ನಿರ್ದೇಶಕರಾಗಿದ್ದ ಬಿಕಾಶ್ ಸಿನ್ಹಾ (1945–2023). 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ. ಸರ್ನ್ ಅಂಗಳದಲ್ಲಿರುವ ನಟರಾಜನ ವಿಗ್ರಹ 2004ರಲ್ಲಿ ನಾವು ಕೊಟ್ಟದ್ದು. ವಾಟ್ಸಾಪಿನಲ್ಲಿ ಶೋಧಕಕ್ಕಿಂತ ವಿಗ್ರಹವೇ ಹೆಚ್ಚು ಓಡಾಡುತ್ತದೆ.

ಈಗ ತಲೆಕೆಡಿಸುತ್ತಿರುವ ಪ್ರಶ್ನೆ ಒಂದುಂಟು: ಎಷ್ಟು ಚಿಕ್ಕ ಹನಿಯನ್ನು ದ್ರವ ಎನ್ನಬಹುದು? ಪ್ರೋಟಾನಿಗೆ ಪ್ರೋಟಾನು ಬಡಿದಾಗ ಇದೆಲ್ಲ ಇರುವುದಿಲ್ಲ ಎಂದುಕೊಂಡಿದ್ದರು. 2010ರಲ್ಲಿ ಸಿಎಂಎಸ್ ಶೋಧಕ, ಕಣಗಳು ಬಹಳ ಹೆಚ್ಚಾಗಿ ಹುಟ್ಟುವ ಪ್ರೋಟಾನು ಡಿಕ್ಕಿಗಳಲ್ಲೂ ಹರಿವನ್ನು ಹೋಲುವ ಗುರುತು ಕಂಡಿತು. ಏಳು ವರ್ಷದ ನಂತರ ಆಲಿಸ್, ಪ್ಲಾಸ್ಮಾದ ಲಕ್ಷಣವೆಂದು ನಂಬಿದ್ದ ಇನ್ನೊಂದು ಗುರುತನ್ನು, ಅಂದರೆ ಸ್ಟ್ರೇಂಜ್ ಎಂಬ ಕ್ವಾರ್ಕಿರುವ ಕಣಗಳ ಹೆಚ್ಚಳವನ್ನು, ಅಂಥ ಡಿಕ್ಕಿಗಳಲ್ಲೇ ತೋರಿಸಿತು. ಅದು ಪುಟ್ಟ ಹನಿಯೋ, ಹನಿಯಂತೆ ಕಾಣುವ ಬೇರೇನೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಜಗಳ ಬಿಡಿಸಲು 2025ರ ಜುಲೈಯಲ್ಲಿ ಎಲ್‌ಎಚ್‌ಸಿಯಲ್ಲಿ ಸೀಸದ ಬದಲು ಆಮ್ಲಜನಕ ಮತ್ತು ನಿಯಾನನ್ನು ಮೊದಲ ಬಾರಿಗೆ ಹಾಕಿದರು. ಸೀಸದಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 208. ಆಮ್ಲಜನಕದಲ್ಲಿ 16, ನಿಯಾನ್‌ನಲ್ಲಿ 20. ಅಷ್ಟು ಸಣ್ಣದರಲ್ಲೂ ಹರಿವು ಸಿಕ್ಕಿತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನ್ಯೂಕ್ಲಿಯಸ್ಸುಗಳ ಲೆಕ್ಕ ಮಾಡುವವರು ಬಹಳ ಹಿಂದೆಯೇ ಹೇಳಿದ್ದರು, ನಿಯಾನ್ ನ್ಯೂಕ್ಲಿಯಸ್ ದುಂಡಗಿಲ್ಲ, ಸೋರೆಕಾಯಿಯ ಹಾಗೆ ಒಂದು ಕಡೆ ಚಾಚಿದೆ ಎಂದು. ಉದ್ದದ ಸೋರೆಕಾಯಿಗಳು ಢಿಕ್ಕಿಯಾದರೆ ನಟ್ಟನಡು ಬಡಿದರೂ ಹನಿ ದುಂಡಗಾಗುವುದಿಲ್ಲ, ಹಾಗಾಗಿ ಹರಿವು ಒಂದು ಕಡೆಗೆ ಹೆಚ್ಚು ವಾಲಬೇಕು. ಆಲಿಸ್, ಅಟ್ಲಾಸ್, ಸಿಎಂಎಸ್ ಮೂರೂ ಎಣಿಸಿ ನೋಡಿದವು. ನಿಯಾನ್‌ನ ವಾಲುವಿಕೆ ಆಮ್ಲಜನಕದ್ದಕ್ಕಿಂತ ಹೆಚ್ಚಿತ್ತು. ಡಿಕ್ಕಿಯಲ್ಲಿ ನ್ಯೂಕ್ಲಿಯಸ್ ಪೂರ್ತಿ ಪುಡಿಯಾಗುತ್ತದೆ, ಆದರೂ ಪುಡಿಯಾಗುವ ಮೊದಲಿನ ಅದರ ಆಕಾರ, ಹಾರಿಹೋದ ಕಣಗಳ ದಿಕ್ಕಿನಲ್ಲಿ ಉಳಿದುಕೊಂಡಿತ್ತು.